ಲಿಥಿಯಂ ತಗೊಂಡರೆ ರೋಗನಿರೋಧಕ ಶಕ್ತಿ ಕುಗ್ಗುತ್ತಾ?

ಪ್ರಶ್ನೆ: ನನ್ನ ತಂಗಿಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಉನ್ಮಾದಕ್ಕೇರುತ್ತದೆ, ಇನ್ನೊಮ್ಮೆ ತೀರಾ ಕುಗ್ಗುತ್ತದೆ. ಲಿಥಿಯಂ ಶುರುವಾದ ಮೇಲೆ ತುಂಬಾ ಚೆನ್ನಾಗಿದ್ದಾಳೆ. ಈಗ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 12,500 ಬಂದಿದೆ. ಈ ಮಾತ್ರೆ ರೋಗನಿರೋಧಕ ಶಕ್ತಿಯನ್ನು ಹಾಳು ಮಾಡುತ್ತದೆ, ಬಿಟ್ಟುಬಿಡಿ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ಬಿಡಬಹುದಾ?

ಉತ್ತರ: ಈ ಕಾರಣಕ್ಕೆ ಖಂಡಿತ ಬಿಡಬೇಡಿ. ಲಿಥಿಯಂ ತಗೊಳ್ಳುವ ಎಷ್ಟೋ ಜನರಲ್ಲಿ ಬಿಳಿ ರಕ್ತಕಣ ಸ್ವಲ್ಪ ಜಾಸ್ತಿಯೇ ಇರುತ್ತದೆ. ಮೂಳೆಯ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಹೆಚ್ಚು ತಯಾರಾಗುತ್ತವೆ, ಅದರಿಂದ ಹೀಗಾಗುತ್ತದೆ. ಬೇರೆ ಔಷಧಿಯಿಂದ ಈ ಕಣಗಳು ಕುಸಿದವರಿಗೆ ಅವನ್ನು ಏರಿಸಲೆಂದೇ ವೈದ್ಯರು ಲಿಥಿಯಂ ಕೊಟ್ಟದ್ದೂ ಇದೆ. ಹಾಗಿರುವಾಗ ಶಕ್ತಿ ಕುಗ್ಗಿತು ಅನ್ನುವುದು ಹೇಗೆ, ಅಲ್ವಾ? ಆದರೂ ವರದಿಯನ್ನು ವೈದ್ಯರಿಗೆ ತೋರಿಸಿ. ಸೋಂಕಿದ್ದರೂ ಈ ಸಂಖ್ಯೆ ಏರುತ್ತದೆ.

ಉನ್ಮಾದದ ಹೊತ್ತಿನಲ್ಲಿ ಕೆಲವರ ರಕ್ತದಲ್ಲಿ ಉರಿಯೂತದ ಗುರುತುಗಳೂ ಹೆಚ್ಚಾಗಿ ಕಾಣುತ್ತವೆ. ಲಿಥಿಯಂ ತಡೆಯುವ ಜಿಎಸ್‌ಕೆ-3 ಅನ್ನುವ ಕಿಣ್ವಕ್ಕೆ ಮೆದುಳಿನ ಕೆಲಸದಲ್ಲೂ ಉರಿಯೂತದಲ್ಲೂ ಪಾತ್ರವಿದೆ. ಮಾತ್ರೆಯ ಗುಣ ಎಲ್ಲವೂ ಇದರಿಂದಲೇ ಅನ್ನುವಂತಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಇದು ಒಗ್ಗುತ್ತದೆ ಎಂದು ಬರೆದಾಗ ಇದ್ಯಾವುದೂ ಗೊತ್ತಿರಲಿಲ್ಲ. ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುವ ಔಷಧಿ ಇದು. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು, ನನಗೆ ಹೆಚ್ಚು ಭಯ ಅದರದ್ದೇ.

ಥೈರಾಯ್ಡ್ ಕಡೆ ಮಾತ್ರ ಗಮನ ಇರಲಿ. ಲಿಥಿಯಂನಿಂದ ಅದು ನಿಧಾನವಾಗಬಹುದು, ಹೆಂಗಸರಲ್ಲಿ ಇದು ಜಾಸ್ತಿ. ದೇಹವೇ ತನ್ನ ಥೈರಾಯ್ಡ್ ಮೇಲೆ ತಿರುಗಿಬೀಳುವ ಪ್ರವೃತ್ತಿ ಇದ್ದವರಲ್ಲಿ ಅದು ಇನ್ನಷ್ಟು ಬಲವಾಗಬಹುದು. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದ್ದರೆ ಅದೂ ಕೆರಳಬಹುದು. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಲಿಥಿಯಂ ಮಟ್ಟವನ್ನೂ ನೋಡಿಸುತ್ತಿರಿ. ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ (mmol/L) ನಡುವೆ ಇರಬೇಕು. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಜ್ವರ, ವಾಂತಿ, ಭೇದಿ ಬಂದ ದಿನ ಇನ್ನೂ ಎಚ್ಚರ ಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ಹೊರಹೋಗದೆ ರಕ್ತದಲ್ಲೇ ಉಳಿದು ವಿಷವಾಗಬಹುದು. ಅಂಥ ದಿನ ಮಾತ್ರೆ ಏನು ಮಾಡಬೇಕು ಅಂತ ವೈದ್ಯರಿಗೆ ಆಗಲೇ ಫೋನ್ ಮಾಡಿ ಕೇಳಿ. ಮೈಕೈ ನೋವು ಅಂತ ಸುಮ್ನೆ ಐಬುಪ್ರೊಫೆನ್ ಕೊಡಬೇಡಿ, ಅದೂ ಮಟ್ಟವನ್ನು ಏರಿಸುತ್ತದೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.