ಚಿಕ್ಕಮಗಳೂರಿನಿಂದ ನೆನಪಿಗೆ ಏನು ತರಲಿ?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಾನು, ನಮ್ಮೆಜಮಾನರು, ಇಬ್ಬರು ಮಕ್ಕಳು ಎರಡು ದಿನಕ್ಕೆ ಚಿಕ್ಕಮಗಳೂರಿಗೆ ಬರುತ್ತಿದ್ದೇವೆ. ಅದರಲ್ಲಿ ಒಂದು ದಿನ ಬೇಲೂರು, ಹಳೇಬೀಡು. ಹೋದ ಸಲ ಬಂದಾಗ ಊರ ಹೆಸರು ಬರೆದ ಮರದ ಕೀಚೈನ್, ಎರಡು ಡಬ್ಬಿ ಚಾಕೊಲೇಟ್ ಕೊಂಡಿದ್ದೆ. ಆಮೇಲೆ ಊಟಿಗೆ ಹೋದರೆ ಅಲ್ಲೂ ಅದೇ ಕೀಚೈನ್, ಊರ ಹೆಸರು ಮಾತ್ರ ಬೇರೆ. ತುಂಬಾ ಬೇಜಾರಾಯ್ತು. ಈ ಸಲ ಅಮ್ಮನಿಗೆ, ಅತ್ತಿಗೆಗೆ, ಆಫೀಸಿನ ನಾಲ್ಕೈದು ಜನಕ್ಕೆ ಕೊಡೋಕೆ ನಿಮ್ಮ ಕಡೆಯದೇ ಆದ ವಸ್ತು ಬೇಕು. ಏನು ತಗೊಳ್ಳಲಿ? ಅಸಲಿ ಅಂತ ಹೇಗೆ ತಿಳಿಯೋದು?
(ದಾವಣಗೆರೆಯ ಓದುಗರು)

ಉತ್ತರ: ಆ ಕೀಚೈನ್ ನಾನೂ ನೋಡಿದ್ದೇನೆ. ನಿಮಗೆ ಬೇಜಾರಾಗಿದ್ದು ಸಹಜ. ದುಡ್ಡು ಹೋಗಿದ್ದಕ್ಕಿಂತ, ಇಷ್ಟು ದೂರ ಬಂದು ಈ ಊರಿನದ್ದು ಏನೂ ಕೈಗೆ ಬರಲಿಲ್ಲವಲ್ಲ ಎನ್ನುವುದೇ ಜಾಸ್ತಿ ನೋಯಿಸುತ್ತದೆ, ಅಲ್ವಾ?

ಅಂಗಡಿಗೆ ಕಾಲಿಡುವ ಮೊದಲು ಒಂದು ಪ್ರಶ್ನೆ ಬಾಯಲ್ಲಿ ಇಟ್ಟುಕೊಳ್ಳಿ: "ಇದನ್ನ ಯಾರು ಮಾಡಿದ್ದು?" ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲರೂ "ಇಲ್ಲಿಯದ್ದೇ" ಅನ್ನುತ್ತಾರೆ. ಯಾರು ಮಾಡಿದ್ದು ಅಂತ ಕೇಳಿದರೆ ಉತ್ತರ ಗೊತ್ತಿದ್ದವರು ಕೂಡಲೇ ಹೇಳುತ್ತಾರೆ. ನಮ್ಮ ಮಾವನವರು, ಪಕ್ಕದೂರಿನವರು, ಹಿಂದೆ ಕೂತಿದ್ದಾರೆ ನೋಡಿ, ಹೀಗೆ. ಗೊತ್ತಿಲ್ಲದವರು ಬೆಲೆಯ ಮಾತಿಗೆ ಹೊರಳುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಕೈ ಕೊಟ್ಟಿದ್ದು ಕಡಿಮೆ.

ಮೊದಲು ಕಾಫಿ. ಚಿಕ್ಕಮಗಳೂರಿನಿಂದ ಕಾಫಿಪುಡಿ ಒಯ್ಯುವುದು ಮಾಮೂಲಿ ಅಂತ ಬಿಡಬೇಡಿ. ಸರಿಯಾಗಿ ಕೊಂಡರೆ ಇದಕ್ಕಿಂತ ಒಳ್ಳೆಯ ಉಡುಗೊರೆ ಈ ಊರಲ್ಲಿಲ್ಲ. ಆದರೆ ಘಾಟಿ ರಸ್ತೆ ಬದಿಯಲ್ಲಿ ತೂಗುಹಾಕಿದ ಮಿರಮಿರ ಮಿಂಚುವ ಪ್ಯಾಕೆಟ್ ಬೇಡ. ಒಮ್ಮೆ ನಾನೇ ಅವಸರದಲ್ಲಿ ಅಂಥ ಪ್ಯಾಕೆಟ್ ಹಿಡಿದು ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಎದುರಿಗೆ ಬೆಟ್ಟ, ಮಂಜು, ತೋಟದ ಚಿತ್ರ. ಚಿಕ್ಕಮ್ಮ ತಿರುಗಿಸಿ ನೋಡಿದರೆ, ಪ್ಯಾಕ್ ಆಗಿದ್ದು ಬೆಂಗಳೂರಲ್ಲೇ! ಅವತ್ತಿನಿಂದ ನಾನು ಯಾವ ಪ್ಯಾಕೆಟ್ ಆದರೂ ಹಿಂಬದಿಯಿಂದಲೇ ಓದಲು ಶುರುಮಾಡುತ್ತೇನೆ.

ಪೇಟೆಯೊಳಗೆ ಬನ್ನಿ. ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ ಬೀಜ ಹುರಿದು, ಕಣ್ಣೆದುರೇ ಪುಡಿ ಮಾಡಿ ಕೊಡುವ ಹಳೇ ಅಂಗಡಿಗಳಿವೆ. ಹುಡುಕುವುದೇ ಬೇಡ, ಘಮ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ. ಅಲ್ಲಿ "ಅರ್ಧ ಕೆಜಿ ಕಾಫಿಪುಡಿ ಕೊಡಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬೀಜ ಯಾವುದು ಅಂತ ಕೇಳಿ. ಅರೇಬಿಕಾಗೆ ಘಮ ಜಾಸ್ತಿ, ಸ್ವಲ್ಪ ಹುಳಿ ಇರುತ್ತದೆ. ರೊಬಸ್ಟಾ ಕಹಿ, ಗಟ್ಟಿ, ಹಾಲಿಗೆ ಚೆನ್ನಾಗಿ ಹೊಂದುತ್ತದೆ. ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ್ದಕ್ಕೆ ಅರೇಬಿಕಾದಲ್ಲಿ ಪ್ಲಾಂಟೇಶನ್ ಅನ್ನುತ್ತಾರೆ, ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ್ದಕ್ಕೆ ಚೆರ್ರಿ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಬೆಳೆದದ್ದು. ಅಮ್ಮ ದಿನಾ ಫಿಲ್ಟರ್ ಕಾಫಿ ಕುಡಿಯುವವರಾದರೆ ಪ್ಲಾಂಟೇಶನ್ ಮತ್ತು ಪೀಬೆರಿ ಸೇರಿಸಿ ಹುರಿದು ಕೊಡಿ ಅಂತ ಹೇಳಿ.

ಆಮೇಲೆ ಚಿಕೋರಿ, ಅಂದರೆ ಕಾಫಿಪುಡಿಗೆ ಬೆರೆಸುವ ಒಂದು ಬೇರಿನ ಪುಡಿ. ಅದು ಬೆರೆತಿದ್ದರೆ ಕಲಬೆರಕೆ ಅಂತಲ್ಲ. ಎಷ್ಟೋ ಮನೆಗಳಿಗೆ ಅದಿಲ್ಲದೆ ಕಾಫಿ ಕಾಫಿ ಅನ್ನಿಸುವುದೇ ಇಲ್ಲ. ಆದರೆ ಚಿಕೋರಿ ಬೇರು ಬೆಳೆಯುವುದು ಬಹುಪಾಲು ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ, ನಮ್ಮ ಬೆಟ್ಟದಲ್ಲಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆದಿರಬೇಕು. ಅಂದರೆ ಅರ್ಧದ ಹತ್ತಿರ ಚಿಕೋರಿ ಇರುವ ಪ್ಯಾಕೆಟ್ ಕೂಡ ಕಾನೂನಿಗೆ ಸರಿಯೇ. ನೆನಪಿಗೆ ಒಯ್ಯುವವರಿಗೆ ಅದು ಸಾಲದು. ಚಿಕೋರಿ ಇಲ್ಲದ ಪುಡಿಯನ್ನೇ ತಗೊಳ್ಳಿ. ಬೇಕೇ ಬೇಕು ಅಂದರೆ ಎಂಬತ್ತು-ಇಪ್ಪತ್ತು ಸಾಕು. ಅನುಮಾನ ಬಂದರೆ ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ಮೇಲೇ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ.

ಅಂಗಡಿಯವರು ಪೊಟ್ಟಣ ಕೈಗೆ ಕೊಟ್ಟಾಗ ಅದು ಬೆಚ್ಚಗಿರುತ್ತದೆ. ಆ ಬಿಸಿಗೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಬೇಡಿ. ರೂಮಿಗೆ ಹೋಗಿ ಆರಲು ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ಪುಡಿಯ ಘಮ ಎರಡು ಮೂರು ವಾರ ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ಕೊಡುವವರಿಗೆಲ್ಲ ಕಾಲು ಕಾಲು ಕೆಜಿ ಸಾಕು, ಬೇಗ ಕೊಟ್ಟುಬಿಡಿ. ಮನೆಯಲ್ಲಿ ಗ್ರೈಂಡರ್ ಇರುವವರಿಗೆ ಹುರಿದ ಬೀಜವೇ ವಾಸಿ.

ಇನ್ನೊಂದು ಮಾತು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಪ್ರದೇಶದ ಬೆಳೆಗೆ ಮಾತ್ರ ಆ ಹೆಸರು ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಯಾರಾದರೂ ಬಾಬಾಬುಡನ್‌ಗಿರಿ ಕಾಫಿ ಅಂತ ಜಾಸ್ತಿ ಬೆಲೆ ಹೇಳಿದರೆ, ಯಾವ ತೋಟದ್ದು, ಯಾವ ವರ್ಷದ ಬೆಳೆ ಅಂತ ಕೇಳುವ ಹಕ್ಕು ನಿಮಗಿದೆ. ತೋಟದಲ್ಲೇ ಉಳಿದುಕೊಳ್ಳುತ್ತೀರಾದರೆ ಇನ್ನೂ ಸುಲಭ. ಹೋಂಸ್ಟೇಯವರು ಎಷ್ಟೋ ಸಲ ಮನೆಗೆ ಅಂತಲೇ ಒಂದಿಷ್ಟು ಬೀಜ ಇಟ್ಟುಕೊಂಡಿರುತ್ತಾರೆ. ಸಂಕೋಚ ಬಿಟ್ಟು ಕೇಳಿ.

ಅದೇ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಇರುತ್ತದೆ. ಆಫೀಸಿನವರಿಗೆ ನೂರು ನೂರು ಗ್ರಾಂ ಕಾಳುಮೆಣಸು ಒಳ್ಳೆಯ ಉಡುಗೊರೆ: ಕೆಡುವುದಿಲ್ಲ, ಭಾರವಿಲ್ಲ, ಎಲ್ಲರ ಮನೆಗೂ ಬೇಕು. ಅಂಗೈಯಲ್ಲಿ ಹಾಕಿ ಅಲುಗಿಸಿ. ಒಳ್ಳೆಯ ಕಾಳು ಸೈಜಿಗೆ ಮೀರಿದ ತೂಕ ಇರುತ್ತದೆ. ವ್ಯಾಪಾರಿಗಳು ಲೀಟರ್ ತೂಕ ನೋಡುತ್ತಾರೆ, ಒಂದು ಲೀಟರ್ ಅಳತೆಗೆ 500 ಗ್ರಾಂ ದಾಟಿದರೆ ಕಾಳು ತುಂಬಿದೆ ಎಂದರ್ಥ. ನೀರಿಗೆ ಹಾಕಿದರೆ ತುಂಬಿದ ಕಾಳು ಮುಳುಗುತ್ತದೆ. ಜೊಳ್ಳು, ಪಪ್ಪಾಯಿ ಬೀಜ ತೇಲುತ್ತವೆ.

ಜೇನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಬೆಂಕಿಕಡ್ಡಿ ಹೊತ್ತಿಸಿ, ನೀರಲ್ಲಿ ಹನಿ ಬಿಟ್ಟು ತೋರಿಸುವವರನ್ನು ನಂಬಬೇಡಿ, ಅದರಿಂದ ಏನೂ ಸಾಬೀತಾಗುವುದಿಲ್ಲ. ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂಬುದೂ ತಪ್ಪು, ಶುದ್ಧ ಜೇನೂ ಹರಳುಗಟ್ಟುತ್ತದೆ. ಪೆಟ್ಟಿಗೆ ಇಟ್ಟು ತುಡುವೆ ಜೇನುಹುಳ ಸಾಕುವವರ ಮನೆಯಿಂದಲೇ ಸಿಕ್ಕರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಚಾಕೊಲೇಟನ್ನೂ ಬಿಡಿ. ಹೋಂಮೇಡ್ ಅಂತ ಮಾರುವುದರಲ್ಲಿ ಬಹಳಷ್ಟು, ಹೊರಗಿನಿಂದ ತಂದ ಕಾಂಪೌಂಡ್ ಗಟ್ಟಿಯನ್ನು (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಅಗ್ಗದ ಚಾಕೊಲೇಟ್) ಕರಗಿಸಿ ಅಚ್ಚಿಗೆ ಹಾಕಿದ್ದು. ಮಕ್ಕಳಿಗೆ ತಿನ್ನಲು ಒಂದಿಷ್ಟು ಕೊಡಿಸಿ, ಊರಿನ ನೆನಪು ಅಂತ ಬೇಡ.

ಈಗ ಬೇಲೂರಿಗೆ ಹೋಗೋಣ. ಚಿಕ್ಕಮಗಳೂರಿನಿಂದ ಸುಮಾರು 25 ಕಿಲೋಮೀಟರ್, ಅಲ್ಲಿಂದ ಹಳೇಬೀಡು 16. ದೇವಸ್ಥಾನಗಳ ಹೊರಗೆ ಕಲ್ಲಿನ ಪುಟ್ಟ ಗಣಪತಿ, ನಂದಿ, ಆನೆ, ದರ್ಪಣಸುಂದರಿ ಇಟ್ಟುಕೊಂಡು ಕೂತಿರುತ್ತಾರೆ. ಇವುಗಳಲ್ಲಿ ಕೈಯಲ್ಲಿ ಕೆತ್ತಿದ್ದೂ ಇದೆ, ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ (ಪ್ಲಾಸ್ಟಿಕ್ ತರಹದ ಅಂಟು) ಮೂರ್ತಿಯೂ ಇದೆ. ದೂರದಿಂದ ಎರಡೂ ಒಂದೇ.

ಎತ್ತಿ ನೋಡಿ. ಬಳಪದ ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ, ಬೆರಳಿಗೆ ಸೋಪಿನ ಹಾಗೆ ಜಾರುತ್ತದೆ. ರೆಸಿನ್ ಹಗುರ, ಮುಟ್ಟಿದರೆ ಅಷ್ಟು ತಣ್ಣಗಿರುವುದಿಲ್ಲ. ಮೂರ್ತಿಯ ತಳ ತಿರುಗಿಸಿ, ಅಂಗಡಿಯವರ ಒಪ್ಪಿಗೆ ಕೇಳಿ ಉಗುರಿನಿಂದ ಮೆಲ್ಲಗೆ ಗೀರಿ. ಬಳಪದ ಕಲ್ಲಾದರೆ ಬಿಳಿ ಪುಡಿ ಬರುತ್ತದೆ. ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಇದೇ ಅಲ್ವಾ? ಆಮೇಲೆ ಪಕ್ಕದಿಂದ ನೋಡಿ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲೆಳೆಯಷ್ಟು ಗೆರೆ ಇರುತ್ತದೆ, ಕಿವಿಯ ಹಿಂದೆ, ತೋಳಿನ ಕೆಳಗೆ. ಇನ್ನೂ ಒಳ್ಳೆಯ ಉಪಾಯ ಅಂದರೆ ಒಂದೇ ತರಹದ ಎರಡು ಮೂರ್ತಿಗಳನ್ನು ಜೊತೆಗಿಟ್ಟು ನೋಡುವುದು. ಒಂದರ ಸೊಂಡಿಲ ಮೇಲೆ ಸಣ್ಣ ಕಚ್ಚು ಇದ್ದು, ಇನ್ನೊಂದರ ಸೊಂಡಿಲಲ್ಲೂ ಅದೇ ಜಾಗದಲ್ಲಿ ಅದೇ ಕಚ್ಚು ಇದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಕೈಯಲ್ಲಿ ಕೆತ್ತಿದ ಎರಡು ಆನೆಗಳು ಯಾವತ್ತೂ ಹಾಗಿರುವುದಿಲ್ಲ. ಒಂದರ ಕಣ್ಣು ಚೂರು ಮೇಲೆ, ಒಂದರ ಬಾಲ ಚೂರು ದಪ್ಪ. ನಾನು ಆ ವ್ಯತ್ಯಾಸವನ್ನೇ ಹುಡುಕಿ ಕೊಳ್ಳುತ್ತೇನೆ.

ಇಲ್ಲೂ ಯಾರು ಕೆತ್ತಿದ್ದು ಅಂತ ಕೇಳಿ. ಬೇಲೂರಿನಲ್ಲಿ ಈ ಪ್ರಶ್ನೆಗೆ 900 ವರ್ಷದ ಮರ್ಯಾದೆ ಇದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದಲ್ಲಿ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಗಳ ಪೀಠದಲ್ಲಿ ಕನ್ನಡದಲ್ಲೇ ಹೆಸರು ಬರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ನಾವು ಇವತ್ತು ಹೇಳುವುದು ಆ ಬರಹಗಳಿಂದಲೇ. ಮದನಿಕೆಯರನ್ನು ನೋಡುವಾಗ ಮಕ್ಕಳಿಗೆ ಪೀಠವನ್ನೂ ತೋರಿಸಿ. ಆಮೇಲೆ ಹೊರಗೆ ಬಂದು ಉಳಿ ಹಿಡಿದು ಕೂತವರ ಹತ್ತಿರವೇ ಮೂರ್ತಿ ಕೊಂಡರೆ, ತಳದಲ್ಲಿ ಅವರ ಹೆಸರು, ಊರು ಕೆತ್ತಿಕೊಡಿ ಅಂತ ಕೇಳಿ. ಮೆತ್ತನೆ ಕಲ್ಲು, ಎರಡು ನಿಮಿಷದ ಕೆಲಸ. ನಾನು ಕೇಳಿದಾಗ ಒಬ್ಬ ಹಿರಿಯರು ಸುಮ್ನೆ ನನ್ನ ಮುಖ ನೋಡಿದರು. ಆಮೇಲೆ ಉಳಿ ಒರೆಸಿಕೊಂಡು, ನಿಧಾನವಾಗಿ, ಇನಿಷಿಯಲ್ ಸಮೇತ ಕೆತ್ತಿದರು. ಆ ನಂದಿ ಈಗಲೂ ನಮ್ಮ ಮನೆಯ ಕಿಟಕಿಯಲ್ಲಿದೆ. ಅಂಥ ಕಡೆ ಚೌಕಾಸಿ ಜಾಸ್ತಿ ಬೇಡ, ದಯವಿಟ್ಟು. ಒಂದು ಗೇಣು ಮೂರ್ತಿಗೆ ಹೋಗುವ ದಿನಗಳನ್ನು ಅವರನ್ನೇ ಕೇಳಿ, ದಿನಗೂಲಿ ಲೆಕ್ಕ ಹಾಕಿ ನೋಡಿ.

ಅತ್ತಿಗೆಗೆ ಏನು ಅಂತ ನೀವು ಬೇರೆಯಾಗಿ ಕೇಳಿಲ್ಲ. ಆದರೂ ಹೇಳುತ್ತೇನೆ, ಒಂದು ಮೊರವನ್ನೋ ಸಣ್ಣ ಕುಕ್ಕೆಯನ್ನೋ ಕೊಡಿ. ಮೇದರು ಹೆಣೆದ ಬಿದಿರಿನ ಸಾಮಾನು ಸಂತೆಯಲ್ಲಿ ಸಿಗುತ್ತದೆ, ಗೌರಿಹಬ್ಬದ ಮುಂಚೆಯಂತೂ ಬಾಗಿನದ ಮೊರ ಬೀದಿ ಬೀದಿಯಲ್ಲಿ. ತೋಟದಲ್ಲಿ ಹಣ್ಣು ಕುಯ್ಯಲು ಸೊಂಟಕ್ಕೆ ಕಟ್ಟುವ ಬುಟ್ಟಿ ಸಿಕ್ಕರೆ ಬಿಡಲೇಬೇಡಿ. ಪ್ಲಾಸ್ಟಿಕ್ ಬಂದ ಮೇಲೆ ಅದು ಅಪರೂಪವಾಗಿದೆ. ಬಿದಿರಿನ ಹೊರಸಿಪ್ಪೆಯ ಕಡೆಯ ಸೀಳು ನುಣುಪಾಗಿ, ಗಟ್ಟಿಯಾಗಿರುತ್ತದೆ. ಒಳತಿರುಳಿನ ಸೀಳು ನಾರುನಾರಾಗಿದ್ದು ಬೇಗ ಮುರಿಯುತ್ತದೆ. ಅಂಚನ್ನು ಎರಡೂ ಕೈಯಲ್ಲಿ ಒತ್ತಿ ನೋಡಿ. ಬಾಗಿ ವಾಪಸ್ ಬಂದರೆ ಒಳ್ಳೆಯ ಹೆಣಿಗೆ.

ಪ್ರಶ್ನೆ: ಹಳೇಬೀಡಿನ ಹತ್ತಿರ ಒಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ಹೊಲ ಉಳುವಾಗ ಸಿಕ್ಕಿದ ಹಳೇ ವಿಗ್ರಹ ಇದೆ, ಕಡಿಮೆಗೆ ಕೊಡ್ತೀನಿ ಅಂದರು. ನಾವು ಕೊಳ್ಳಲಿಲ್ಲ. ಕೊಂಡಿದ್ದರೆ ಏನಾಗುತ್ತಿತ್ತು?
(ತುಮಕೂರಿನ ಓದುಗರು)

ಉತ್ತರ: ಕೊಳ್ಳದೇ ಇದ್ದದ್ದು ಒಳ್ಳೆಯದಾಯಿತು. ಮಾತು ಸುಳ್ಳಾದರೆ ಮಣ್ಣು ಮೆತ್ತಿದ ಹೊಸ ಮೂರ್ತಿಗೆ ಹಳೇ ಬೆಲೆ ಕೊಟ್ಟಂತಾಗುತ್ತಿತ್ತು. ನಿಜವಾದರೆ ಇನ್ನೂ ದೊಡ್ಡ ತೊಂದರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ ಪುರಾತನ ವಸ್ತು. ಅದನ್ನು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ನೋಂದಣಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಯಾರೂ ತಮ್ಮಷ್ಟಕ್ಕೆ ವಿದೇಶಕ್ಕೆ ಸಾಗಿಸುವಂತಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹಳೇಬೀಡಿನ ಸುತ್ತ ಹೊಲಗದ್ದೆಯಲ್ಲಿ ಹಳೇ ಕಲ್ಲು ಸಿಗುವುದು ಹೊಸದೇನಲ್ಲ. ಹಾಗೆ ಸಿಕ್ಕಿದ್ದು ಊರಲ್ಲೇ ಉಳಿಯಬೇಕು. ಮತ್ತೆ ಯಾರಾದರೂ ಹೀಗೆ ಕರೆದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಗಂಧದ ಮರದ್ದು ಅಂತ ಬೀದಿಯಲ್ಲಿ ಗುಟ್ಟಾಗಿ ಮಾರುವುದನ್ನೂ ಹೀಗೇ ದೂರ ಇಡಿ.

ಪ್ರಶ್ನೆ: ಮಲೆನಾಡಿನಿಂದ ತಂದ ಬಿದಿರಿನ ಮೊರ ಎರಡೇ ತಿಂಗಳಿಗೆ ಬೂಸ್ಟು ಹಿಡಿಯಿತು. ಉಳಿಸಿಕೊಳ್ಳೋದು ಹೇಗೆ?
(ಹಾಸನದ ಓದುಗರು)

ಉತ್ತರ: ಹಸಿ ಬಿದಿರಿನಲ್ಲಿ ಹೆಣೆದದ್ದನ್ನು ಹಾಗೇ ಒಳಗೆ ಇಟ್ಟಿರಬೇಕು. ತಂದ ಮೇಲೆ ಮೂರು ನಾಲ್ಕು ದಿನ ಚೆನ್ನಾಗಿ ಬಿಸಿಲು ಕಾಣಿಸಿ. ಬಂದ ಬೂಸ್ಟನ್ನು ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಸಿಲಿಗಿಡಿ. ಆಮೇಲೆ ನಮ್ಮ ಅಜ್ಜಿಯಂದಿರ ಪದ್ಧತಿ: ಮೆಂತ್ಯವನ್ನು ರಾತ್ರಿ ನೆನೆಹಾಕಿ, ನೆನೆಸಿದ ಹಳೇ ಕಾಗದದ ಚೂರಿನ ಜೊತೆ ನುಣ್ಣಗೆ ರುಬ್ಬಿ, ಮೊರದ ಎರಡೂ ಬದಿಗೆ ತೆಳುವಾಗಿ ಬಳಿದು ಒಣಗಿಸುವುದು. ಸಂದುಗಳೆಲ್ಲ ಮುಚ್ಚಿ ಮೊರ ಗಟ್ಟಿಯಾಗುತ್ತದೆ, ರವೆ ಕೇರಿದರೂ ಸೋರುವುದಿಲ್ಲ. ಗೋಡೆಗೆ ತಾಗದ ಹಾಗೆ, ಗಾಳಿಯಾಡುವ ಕಡೆ ಮೊಳೆಗೆ ತೂಗುಹಾಕಿ. ಮಳೆಗಾಲದಲ್ಲಿ ಒಲೆಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.