ಪಂಪ್‌ಹೌಸಿನ ರೇಡಿಯೋ ಸಂಪರ್ಕಕ್ಕೆ ಪರವಾನಗಿ
ಮಾನ್ಯರೇ, ಮಣಿಪಾಲದ ಮೇಲ್ತೊಟ್ಟಿಯ ನೀರಿನ ಮಟ್ಟವನ್ನು ಸ್ವರ್ಣಾ ನದಿ ದಂಡೆಯ ಪಂಪ್‌ಹೌಸಿಗೆ ರೇಡಿಯೋ ಮೂಲಕ ತಿಳಿಸಲು ಪರವಾನಗಿ ಬೇಕೇ ಎಂದು ಕೇಳಿದ್ದೀರಿ. 865ರಿಂದ 868 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ, ಪ್ರೇಷಕದ (ಸಂಕೇತ ಕಳುಹಿಸುವ ಸಾಧನದ) ಶಕ್ತಿ 1 ವ್ಯಾಟ್, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಮತ್ತು ವಾಹಕದ ಅಗಲ (ಸಂಕೇತ ಆವರಿಸುವ ಆವರ್ತನಗಳ ಹರವು) 200 ಕಿಲೋಹರ್ಟ್ಸ್ ಮೀರದಿದ್ದರೆ, ಕೇಂದ್ರ ಸರ್ಕಾರದ 2021ರ ನಿಯಮಗಳ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಉಪಕರಣದ ಮಾದರಿಗೆ ಮಾತ್ರ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ ಇರಬೇಕು. ಆದರೆ ಬೇರೆಯವರ ಸಾಧನದಿಂದ ಅಡಚಣೆಯಾದಾಗ ಈ ವ್ಯಾಪ್ತಿಯಲ್ಲಿ ರಕ್ಷಣೆ ಕೋರಲು ಬರುವುದಿಲ್ಲವಾದ್ದರಿಂದ, ಸಂಪರ್ಕ ಕಡಿದರೆ ಪಂಪ್ ನಿಗದಿತ ಅವಧಿಯ ಬಳಿಕ ತಾನಾಗಿ ನಿಲ್ಲುವಂತೆ ಟೈಮರ್ ಅಳವಡಿಸುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಈ ತರಂಗಗಳಿಗೆ ನಮ್ಮ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಅಷ್ಟೇನೂ ತೊಡಕಲ್ಲ, ದಾರಿಗೆ ಅಡ್ಡ ನಿಂತ ಹಲಸು, ತೆಂಗುಗಳ ಒದ್ದೆ ಎಲೆಗಳೇ ಸಂಕೇತವನ್ನು ಹೆಚ್ಚು ನುಂಗುತ್ತವೆ. ಹಾಗಾಗಿ ಸ್ಥಳ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮುಗಿಸಿಬಿಡದೆ ಜುಲೈಯಲ್ಲಿ ಮತ್ತೊಮ್ಮೆ ಮಾಡಿ.