ಎಲ್‌ಡಿಎಲ್ ಸರಿಯಾಗಿದೆ, ಮತ್ತೆ ಡಾಕ್ಟರ್ ಯಾಕೆ ಮುಖ ಗಂಟು ಹಾಕಿದರು?

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಲ್ಲಿ ಕೆಲಸ, ಹೆಚ್ಚಾಗಿ ನೈಟ್ ಶಿಫ್ಟ್. ಎತ್ತರ 170 ಸೆಂ.ಮೀ., ತೂಕ 68 ಕೆ.ಜಿ. ಸಿಗರೇಟು, ಕುಡಿತ ಇಲ್ಲ. ಆಫೀಸಿನ ಚೆಕಪ್‌ನಲ್ಲಿ ಒಟ್ಟು ಕೊಲೆಸ್ಟರಾಲ್ 192, ಎಲ್‌ಡಿಎಲ್ 109, ಎಚ್‌ಡಿಎಲ್ 33, ಟ್ರೈಗ್ಲಿಸರೈಡ್ 248, ಖಾಲಿ ಹೊಟ್ಟೆಯ ಶುಗರ್ 103 ಬಂದಿದೆ. ಕತ್ತಿನ ಹಿಂದೆ ಕಪ್ಪಾಗಿದೆ, ಅಮ್ಮ ನಿಂಬೆಹಣ್ಣು ಉಜ್ಜುತ್ತಾರೆ. ಡಾಕ್ಟರ್ ‘ಇನ್ಸುಲಿನ್ ರೆಸಿಸ್ಟೆನ್ಸ್ ಇದ್ದ ಹಾಗಿದೆ’ ಅಂದರು. ತುಪ್ಪ ಬಿಟ್ಟು ಆರು ತಿಂಗಳಾಯ್ತು. ಇನ್ಸುಲಿನ್ನಿಗೂ ಕೊಲೆಸ್ಟರಾಲ್‌ಗೂ ಏನು ಸಂಬಂಧ?
– ಹೆಸರು ಬೇಡ, ಊರು ದಾವಣಗೆರೆ

ಉತ್ತರ: ಮೊದಲು ಅಮ್ಮನಿಗೆ ಹೇಳಿ, ನಿಂಬೆಹಣ್ಣು ಸಾರಿಗೆ ಹಿಂಡಲಿ. ಅದು ಕೊಳೆ ಅಲ್ಲ, ಉಜ್ಜಿದರೆ ಹೋಗಲ್ಲ. ಇನ್ಸುಲಿನ್ ರೆಸಿಸ್ಟೆನ್ಸ್ ಎಂದರೆ ದೇಹ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದಿರುವುದು. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಕತ್ತಿನ ಚರ್ಮ ದಪ್ಪವಾಗುತ್ತದೆ, ಮುಟ್ಟಿದರೆ ಮಖಮಲ್ಲಿನ ಹಾಗೆ. ಹುಡುಗರು ಬ್ಯಾಗಿನಿಂದ ರಿಪೋರ್ಟ್ ತೆಗೆಯಲು ಬಗ್ಗಿದಾಗಲೇ ನಾನು ಕಾಲರಿನ ಹಿಂದೆ ನೋಡಿಬಿಡುತ್ತೇನೆ.

ಇನ್ನು ನಿಮ್ಮ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್, 109. ಅದನ್ನು ಲ್ಯಾಬಿನವರು ಅಳೆದಿರಲಿಕ್ಕಿಲ್ಲ, ಲೆಕ್ಕ ಹಾಕಿರುತ್ತಾರೆ. ಒಟ್ಟು 192ರಲ್ಲಿ ‘ಒಳ್ಳೆಯ’ ಎಚ್‌ಡಿಎಲ್ 33 ಕಳೆಯಿರಿ, ಟ್ರೈಗ್ಲಿಸರೈಡಿನ (ರಕ್ತದಲ್ಲಿ ಓಡಾಡುವ ಕೊಬ್ಬಿನ) ಐದನೇ ಒಂದು ಭಾಗ, ಅಂದರೆ 50 ಕಳೆಯಿರಿ. ಬಂತಲ್ವಾ? ನಾನೂ ಎಷ್ಟೋ ವರ್ಷ ಆ ಒಂದು ಸಾಲು ನೋಡಿ, ‘ನಾರ್ಮಲ್’ ಎಂದು ರಿಪೋರ್ಟ್ ಮಡಚಿ ಕೊಟ್ಟವನೇ. ಈಗ ಮೊದಲು ನೋಡುವುದು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಜೋಡಿಯನ್ನು. ಒಂದು 150 ದಾಟಿ, ಇನ್ನೊಂದು ಗಂಡಸರಲ್ಲಿ 40ಕ್ಕಿಂತ (ಹೆಂಗಸರಲ್ಲಿ 50ಕ್ಕಿಂತ) ಇಳಿದಿದ್ದರೆ ಇನ್ಸುಲಿನ್ ಮೇಲೆ ಅನುಮಾನ.

ಇನ್ಸುಲಿನ್ನಿನ ಕೆಲಸ ಶುಗರ್ ಇಳಿಸುವುದು ಮಾತ್ರವಲ್ಲ. ಊಟವಾದ ಮೇಲೆ ಅದು ಕೊಬ್ಬಿನ ಗೋಡೌನಿಗೂ ‘ಬಾಗಿಲು ಹಾಕು’ ಎನ್ನುತ್ತದೆ. ರೆಸಿಸ್ಟೆನ್ಸ್ ಇದ್ದಾಗ ಆ ಮಾತು ಗೋಡೌನಿನ ಕಿವಿಗೆ ಬೀಳುವುದಿಲ್ಲ. ಕೊಬ್ಬು ಸೋರಿ ಲಿವರ್‌ಗೆ ಬರುತ್ತಲೇ ಇರುತ್ತದೆ. ಸಾಲದ್ದಕ್ಕೆ ಲಿವರ್ ತಾನೂ ಸಕ್ಕರೆಯಿಂದ ಕೊಬ್ಬು ಮಾಡುತ್ತದೆ. ಅಷ್ಟನ್ನೂ ವಿಎಲ್‌ಡಿಎಲ್ ಎಂಬ ಲಾರಿಗೆ ತುಂಬಿ ರಕ್ತಕ್ಕೆ ಬಿಡುತ್ತದೆ. ನಿಮ್ಮ 248 ಅದರದ್ದೇ.

ಈ ಲಾರಿಗಳು ದಾರಿಯಲ್ಲಿ ಸರಕು ಬದಲಿಸುತ್ತವೆ. ತಮ್ಮ ಟ್ರೈಗ್ಲಿಸರೈಡನ್ನು ಎಲ್‌ಡಿಎಲ್, ಎಚ್‌ಡಿಎಲ್ ಎಂಬ ಕೊಲೆಸ್ಟರಾಲ್ ಹೊರುವ ಕಣಗಳಿಗೆ ಕೊಟ್ಟು ಅವುಗಳ ಕೊಲೆಸ್ಟರಾಲ್ ತೆಗೆದುಕೊಳ್ಳುತ್ತವೆ. ಆಮೇಲೆ ಲಿವರಿನ ಕಿಣ್ವವೊಂದು ಆ ಟ್ರೈಗ್ಲಿಸರೈಡನ್ನು ಕರಗಿಸುತ್ತದೆ. ಉಳಿಯುವುದು ಪುಟ್ಟ, ಗಟ್ಟಿ ಕಣ. ಎಚ್‌ಡಿಎಲ್ ಹಾಗೆ ಸಣ್ಣದಾದರೆ ಬೇಗ ರಕ್ತದಿಂದ ಹೊರಹೋಗುತ್ತದೆ. ನಿಮ್ಮ 33ಕ್ಕೆ ಅದೇ ಕಾರಣ. ಎಲ್‌ಡಿಎಲ್ ಸಣ್ಣದಾದರೆ ಉಲ್ಟಾ, ರಕ್ತದಲ್ಲೇ ಜಾಸ್ತಿ ದಿನ ಸುತ್ತುತ್ತದೆ, ರಕ್ತನಾಳದ ಗೋಡೆಯೊಳಗೆ ನುಸುಳಲು ಬೇಕಾದಷ್ಟು ಸಮಯ.

ನಿಮ್ಮೂರಿನ ಎಪಿಎಂಸಿ ನೆನೆಸಿಕೊಳ್ಳಿ. ಅಷ್ಟೇ ಮೆಕ್ಕೆಜೋಳವನ್ನು ಹತ್ತು ಲಾರಿಯಲ್ಲೂ ಸಾಗಿಸಬಹುದು, ನಲವತ್ತು ಲಗೇಜ್ ಆಟೊದಲ್ಲೂ ಸಾಗಿಸಬಹುದು. ಗಲ್ಲಿ ಜಾಮ್ ಮಾಡುವುದು ಗಾಡಿಗಳ ಸಂಖ್ಯೆ. ರಿಪೋರ್ಟಿನ 109 ಬರೀ ಜೋಳದ, ಅಂದರೆ ಕೊಲೆಸ್ಟರಾಲಿನ, ತೂಕ. ಗಾಡಿ ಎಂದರೆ ಅದನ್ನು ಹೊತ್ತ ಕಣ. ಗಾಡಿ ಎಣಿಸಬೇಕೆಂದರೆ ಅಪೊಬಿ ಎಂಬ ಪರೀಕ್ಷೆ ಇದೆ. ಎಲ್‌ಡಿಎಲ್, ವಿಎಲ್‌ಡಿಎಲ್‌ನ ಪ್ರತಿ ಕಣಕ್ಕೆ ಒಂದೇ ಅಪೊಬಿ, ನಂಬರ್ ಪ್ಲೇಟ್ ಇದ್ದ ಹಾಗೆ. ಅದು ಬೇಡವೆಂದರೆ ದುಡ್ಡಿಲ್ಲದ ದಾರಿ: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ನಿಮ್ಮದು 159. 130ರೊಳಗೆ ಇರಬೇಕಿತ್ತು.

‘ನಾನು ದಪ್ಪ ಇಲ್ಲವಲ್ಲ’ ಅನ್ನಬೇಡಿ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕ್‌ಗೆ ಶೇ. 21.2! ನಿಮ್ಮ ಬಿಎಂಐ 23.5. ನಮ್ಮವರಿಗೆ 23ರಿಂದಲೇ ಎಚ್ಚರಿಕೆ.

ಒಂದು ಅನುಮಾನ. ಶಿಫ್ಟ್ ಮುಗಿಸಿ ನೇರವಾಗಿ ಹೋಗಿ ರಕ್ತ ಕೊಟ್ಟಿರಾ? ರಾತ್ರಿ ಎರಡಕ್ಕೆ ಬಿರಿಯಾನಿ ತಿಂದು ಬೆಳಿಗ್ಗೆ ಎಂಟಕ್ಕೆ ಕೈ ಚಾಚಿದರೆ ಅದು ಖಾಲಿ ಹೊಟ್ಟೆ ಅಲ್ಲ. ರಜೆಯ ದಿನ, 10-12 ಗಂಟೆ ಏನೂ ತಿನ್ನದೆ ಇನ್ನೊಮ್ಮೆ ಮಾಡಿಸಿ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ಲಿವರ್ ಪರೀಕ್ಷೆ ಇರಲಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿಮ್ಮ ಡಾಕ್ಟರ್ ಆಮೇಲೆ ಹೇಳಲಿ.

ತುಪ್ಪ ಬಿಟ್ಟಿರಿ, ಸರಿ. ಟೀ? ಶಿಫ್ಟಿಗೆ ಐದು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೂ ದಿನಕ್ಕೆ ಹತ್ತು ಚಮಚ. ಈ ಕಾಯಿಲೆಯಲ್ಲಿ ಅನ್ನದ ಮೇಲಿನ ಒಂದು ಚಮಚ ತುಪ್ಪದ ಮೇಲೆ ನನಗಿರುವ ಸಿಟ್ಟಿಗಿಂತ ಅದರ ಕೆಳಗಿರುವ ಅನ್ನದ ಗುಡ್ಡೆ ಮೇಲಿನ ಸಿಟ್ಟು ದೊಡ್ಡದು. ಗುಡ್ಡೆ ಅರ್ಧ ಮಾಡಿ, ಆ ಜಾಗಕ್ಕೆ ಕಾಳು ಪಲ್ಯ, ಸೊಪ್ಪು ಹಾಕಿಸಿಕೊಳ್ಳಿ. ಊಟವಾದ ಮೇಲೆ ಕಾಲು ಗಂಟೆ ನಡೆಯಿರಿ. ಓಡಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ನಾಲ್ಕೈದು ಕೆ.ಜಿ. ಇಳಿದರೆ ಸಾಕು, ಟ್ರೈಗ್ಲಿಸರೈಡ್ ತಾನೇ ಕೆಳಗೆ ಬರತೊಡಗುತ್ತದೆ.

ಮುಂದಿನ ಸಲ ಬರೆಯುವಾಗ ಸೊಂಟದ ಅಳತೆಯನ್ನೂ ಬರೆಯಿರಿ, 90 ಸೆಂ.ಮೀ. ಒಳಗಿದೆಯೇ ನೋಡೋಣ. ಪ್ಯಾಂಟಿನ ಸೈಜ್ ಬೇಡ. ಹುಡುಗರು ಪ್ಯಾಂಟನ್ನು ಹೊಟ್ಟೆ ಕೆಳಗೆ ಹಾಕಿಕೊಂಡು 32 ಅನ್ನುತ್ತಾರೆ. ಹೊಕ್ಕುಳ ಮಟ್ಟದಲ್ಲಿ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೆಯಿರಿ.